ಹನ್ನೊಂದನೆಯ ಸುತ್ತು

ಒಂದು ಗುಡಾಣಕ್ಕೆ ಎರಡೂವರೆ ತಿಂಗಳು.
ಅವಸರಕ್ಕೆ ಏರಿಸುವಂತಿಲ್ಲ;
ಒಂದು ಸುತ್ತು ಇಟ್ಟು, ಸವರಿ, ಕೈ ತೊಳೆದು
ಅದು ಬಿಗಿಯುವ ತನಕ ಕಾಯಬೇಕು
ಮೂರು ದಿನ, ಮೋಡವಿದ್ದರೆ ನಾಲ್ಕು.
ಇಮೆರೇತಿಯ ನಮ್ಮ ಕಣಿವೆಯಲ್ಲಿ
ಮೋಡಕ್ಕೇನೂ ಬರವಿಲ್ಲ.

ಮೂವತ್ತೊಂದನೆಯ ವಯಸ್ಸಿಗೆ ನಾನೊಬ್ಬಳೇ ಕಟ್ಟಿದ ಮೊದಲನೆಯದು
ನನಗಿಂತ ಒಂದು ಮೊಳ ಎತ್ತರ.
ಏಣಿ ಹತ್ತಿ ಅದರ ಬಾಯಿ ತಿದ್ದಿದೆ.
ಹೆಂಗಸು ಕಟ್ಟಿದ್ದರಲ್ಲಿ ದ್ರಾಕ್ಷಾರಸ ಹುಳಿಯುತ್ತದೆಂದು
ನಕ್ಕಿದ್ದ, ಸೌದೆ ಮಾರುವ ಗೋಚ.
ನಕ್ಕರೂ ಸೌದೆ ಕೊಟ್ಟ,
ಹಸಿಯದು, ಒಣದರ ಬೆಲೆಗೆ.

ಏಳು ದಿನ ಬೆಂಕಿ. ಆರಲು ಇನ್ನೂ ಐದು.
ಅಪ್ಪನೂ ನಾನೂ ಸರದಿಯಲ್ಲಿ ನಿದ್ದೆ ಮಾಡಿದೆವು.
ಆವಿಗೆಯ ಬಾಯಿಂದ ಇಟ್ಟಿಗೆ ಕಿತ್ತು
ಒಳಗೆ ಹೋದ ಅಪ್ಪ ಬೆರಳ ಗೆಣ್ಣಿನಿಂದ ತಟ್ಟಿದ.
ಗಂಟೆಯ ದನಿ ಬರಬೇಕಿತ್ತು.
ಬಂದದ್ದು ನೆಗಡಿ ಹಿಡಿದವರ ದನಿ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ, ಸರಿ.
ನನಗೆ ಬೈಯಲು ಒಂದು ದೊಣ್ಣೆಯೂ ಇರಲಿಲ್ಲ.
ಗೋಚನ ಸೌದೆಯನ್ನು ಬೈದೆ, ಮಳೆಯನ್ನು ಬೈದೆ,
ಮಣ್ಣು ತಂದ ಲಾರಿಯವನ ಮೂರು ತಲೆಮಾರನ್ನು ಬೈದೆ.
ಕೋಣೆ ಸೇರಿ, ಗೋಡೆಯ ಕಡೆ ಮುಖ ಮಾಡಿ ಮಲಗಿದೆ.
ಅಮ್ಮ ಹುರುಳಿಕಾಳಿನ ಸಾರು ಬಾಗಿಲಲ್ಲಿಟ್ಟು ಹೋದಳು.
ಅಷ್ಟು ದುಃಖದಲ್ಲೂ
ಉಪ್ಪು ಕಡಿಮೆ ಅನ್ನಿಸಿತು.

ಮೂರನೆಯ ದಿನ ದೀಪ ಹಿಡಿದು ಒಳಗಿಳಿದೆ.
ಬಿರುಕು ಮನಬಂದಂತೆ ಓಡಿರಲಿಲ್ಲ.
ಬುಡದಿಂದ ಎಣಿಸಿದೆ. ಎರಡು ಸಲ ಎಣಿಸಿದೆ.
ಹತ್ತರ ಮೇಲೆ, ಹನ್ನೊಂದರ ಕೆಳಗೆ
ಯಾರೋ ದಾರ ಹಿಡಿದು ಗೆರೆ ಎಳೆದ ಹಾಗೆ.

ಹನ್ನೊಂದು.
ಅವತ್ತು ಮಾಕ್ವಲಾಳ ಮದುವೆ.
ಕುತಾಯಿಸಿಯ ಬಸ್ಸು ಎರಡು ಗಂಟೆಗೆ.
ಕೆಳಗಿನ ಸುತ್ತು ಇನ್ನೂ ಬೆರಳಿಗೆ ತಣ್ಣಗಿತ್ತು.
ಗೊತ್ತಿತ್ತು. ಗೊತ್ತಿದ್ದೂ ಏರಿಸಿದೆ,
ಕೈಯಲ್ಲಿ ಮಣ್ಣು, ತಲೆಯಲ್ಲಿ
ಇಸ್ತ್ರಿಯಾಗದ ಹಸಿರು ಉಡುಪು.
ಮಣ್ಣು ಅದನ್ನು ಬರೆದಿಟ್ಟುಕೊಂಡಿತ್ತು,
ಹಗೆಯಿಲ್ಲದೆ, ತಾರೀಖು ಸಮೇತ.

ಇಪ್ಪತ್ತನಾಲ್ಕು ಸುತ್ತಿನಲ್ಲಿ ಇಪ್ಪತ್ತಮೂರು ಗಟ್ಟಿ.
ಇದು ಸಮಾಧಾನದ ಮಾತಲ್ಲ.
ಇಪ್ಪತ್ತಮೂರು ಗಟ್ಟಿ ಇದ್ದರೂ ರಸ ಸೋರಿಹೋಗುತ್ತದೆ.
ಆದರೆ ಇದು ಲೆಕ್ಕ.
ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ
ಒಡೆದದ್ದು ಇಡೀ ನಾನು ಅಂದುಕೊಂಡಿದ್ದೆ.

ಸುತ್ತಿಗೆ ತರಲು ಹಿತ್ತಲಿಗೆ ಹೋದೆವು.
ಅಲ್ಲಿ ಕೋಳಿಗಳು ಆಚೆ ಹೋಗದಂತೆ ಒಂದು ಗೋಡೆ,
ಬೋಕಿಯ ಮೇಲೆ ಬೋಕಿ ಪೇರಿಸಿದ್ದು.
ಅದಕ್ಕೆ ಚೆಂಡು ಒಗೆದೇ ನಾನು ಬೆಳೆದದ್ದು.
ಮಾತು ಕಮ್ಮಿಯ ಅಪ್ಪ ಅವತ್ತು ಬೆರಳು ತೋರಿಸಿದ:
"ಇದು ನಿನ್ನಜ್ಜನದು, ಬಾಯಿ ಹೋಯಿತು.
ಇವೆರಡು ನನ್ನವು, ಒಂದೇ ವರ್ಷ. ಆಗ ಕುಡಿಯುತ್ತಿದ್ದೆ.
ಇದಕ್ಕೆ ಮರಳು ಹೆಚ್ಚಾಯಿತು.
ಆ ಮೂಲೆಯದು
ಯಾಕೆ ಒಡೆಯಿತೋ, ಇವತ್ತಿಗೂ ಗೊತ್ತಿಲ್ಲ."
ಆ ಮೂಲೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದ.
ಆಮೇಲೆ, ಗೋಡೆ ಇಲ್ಲಿ ತಗ್ಗಾಗಿದೆ,
ಹುಂಜ ಹಾರುತ್ತದೆ, ಅಂದ.
ನನ್ನದು ಆ ತಗ್ಗಿಗೆ ಸರಿಹೋಯಿತು,
ಒಂದು ಚೂರು ಮಿಕ್ಕಿತು ಕೂಡ.

ಇವತ್ತು ಹೊಸದರ ಹತ್ತನೆಯ ಸುತ್ತು ಇಟ್ಟು ಮೂರನೆಯ ದಿನ.
ಬೇಲಿಯಾಚೆ ಗೋಚ ಗಾಡಿ ನಿಲ್ಲಿಸಿ ಕೂಗುತ್ತಾನೆ:
ಕುತಾಯಿಸಿಗೆ ಹೊರಟಿದ್ದೇನೆ,
ಮಾಕ್ವಲಾಳ ಮಗುವನ್ನು ನೋಡುವುದಿಲ್ಲವಾ?
ಅಂಚಿನ ಮೇಲೆ ಬೆರಳಿಡುತ್ತೇನೆ.
ತಣ್ಣಗಿದೆ.
ಒದ್ದೆ ಬಟ್ಟೆ ಹೊದಿಸಿ, ಕೈ ತೊಳೆದು
ಬಂದೆ, ಅನ್ನುತ್ತೇನೆ.